ಅಜ್ಜಿಯ ಸಂಚಿಯ ಕಾಲಾಣೆಗೆ ಬೆಲೆ ಎಷ್ಟು?

ಜಾರ್ಜ್ ದೊರೆಯ ಕಾಲಾಣೆ ಇಲ್ಲದ ಹಳೆಯ ಮನೆ ನಮ್ಮ ಕಡೆ ಕಡಿಮೆ. ಎಲೆಅಡಿಕೆ ಸಂಚಿಯ ತಳ, ದೇವರ ಗೂಡಿನ ಹಿತ್ತಾಳೆ ಭರಣಿ, ಸೂಜಿ-ಗುಂಡಿ ತುಂಬಿಟ್ಟ ಬಿಸ್ಕತ್ತಿನ ಡಬ್ಬ, ಹೀಗೆ ಎಲ್ಲಾದರೊಂದು ಕಡೆ ಅದು ಬಿದ್ದಿರುತ್ತದೆ. ಕಂದುಗಪ್ಪು ಬಣ್ಣ. ಒಂದು ಬದಿಗೆ ಕಿರೀಟ ತೊಟ್ಟ ಗಡ್ಡದ ರಾಜ. ಇನ್ನೊಂದು ಬದಿಗೆ ಇಂಗ್ಲಿಷಿನಲ್ಲಿ ‘ಒನ್ ಕ್ವಾರ್ಟರ್ ಆನಾ, ಇಂಡಿಯಾ’ ಎಂಬ ಬರಹ, ಕೆಳಗೆ ಇಸವಿ. ಮನೆ ಖಾಲಿ ಮಾಡುವಾಗಲೋ, ಅಣ್ಣತಮ್ಮಂದಿರು ಪಾಲಾಗುವಾಗಲೋ, ಹಬ್ಬಕ್ಕೆ ಸುಣ್ಣ ಬಳಿಯುವಾಗಲೋ ಕೈಗೆ ಸಿಗುತ್ತದೆ. ಸಿಕ್ಕಿದ ಕೂಡಲೇ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಇದಕ್ಕೀಗ ಎಷ್ಟು ಬರಬಹುದು?’

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಸವೆದ ಕಾಲಾಣೆಗೆ ನಾಣ್ಯ ವ್ಯಾಪಾರಿ ಹತ್ತಿಪ್ಪತ್ತು ರೂಪಾಯಿ ಕೊಟ್ಟರೆ ಅದೇ ಹೆಚ್ಚು. ನಾಣ್ಯ ಮೇಳಗಳಲ್ಲಿ ಇಂಥವನ್ನು ಬಾಂಡಲಿಯಲ್ಲಿ ಸುರಿದು, ‘ಯಾವುದಾದರೂ ತಗೊಳ್ಳಿ’ ಎಂದು ಒಂದೇ ದರಕ್ಕೆ ಮಾರುವುದೂ ಉಂಟು. ಸಿಗುವುದು ಹತ್ತಿಪ್ಪತ್ತಾದರೂ ಆ ಲೆಕ್ಕಕ್ಕೆ ಬರಬೇಕಾದರೆ ರಾಜನ ಮುಖ, ಅವನ ಎದೆಯ ಮೇಲಿನ ಆನೆ, ಇಸವಿಯ ಕೆಳಗಿನ ಚುಕ್ಕೆ, ಲೋಹದ ತೂಕ ಎಲ್ಲವನ್ನೂ ನೋಡಬೇಕು. ಅದನ್ನು ಕಲಿತವರಿಗೆ ಡಬ್ಬದಲ್ಲಿರುವ ನೂರು ನಾಣ್ಯಗಳಲ್ಲಿ ನಿಜವಾಗಿ ಬೆಲೆಬಾಳುವ ಒಂದು ಯಾವುದು ಎಂದು ತಿಳಿಯುತ್ತದೆ. ಕಲಿಯದವರಿಗೆ ಹತ್ತು ರೂಪಾಯಿಯ ನಾಣ್ಯ ಹತ್ತು ಲಕ್ಷದ್ದಾಗಿ ಕಾಣುತ್ತದೆ. ಮೋಸಗಾರರು ಕಾಯುವುದು ಆ ಎರಡನೆಯವರಿಗಾಗಿ.

ಮೊದಲು ಮುಖ. ಬ್ರಿಟಿಷರ ಕಾಲದ ನಾಣ್ಯವನ್ನು ಇಸವಿ ಓದದೆಯೂ ಅಂದಾಜು ಮಾಡಬಹುದು. ರಾಣಿ ಇದ್ದರೆ ವಿಕ್ಟೋರಿಯಾ. ಬರಹ ‘ಕ್ವೀನ್’ ಎಂದಿದ್ದರೆ 1876ರವರೆಗಿನದು, ‘ಎಂಪ್ರೆಸ್’ ಎಂದಿದ್ದರೆ 1877ರ ನಂತರದ್ದು. ಕಿರೀಟವಿಲ್ಲದ ಬೋಳುತಲೆ, ಗಡ್ಡ, ನೋಟ ಬಲಕ್ಕೆ ಇದ್ದರೆ ಏಳನೇ ಎಡ್ವರ್ಡ್. ಕಿರೀಟ, ಗಡ್ಡ ಎರಡೂ ಇದ್ದು ಎಡಕ್ಕೆ ನೋಡುತ್ತಿದ್ದರೆ ಐದನೇ ಜಾರ್ಜ್. ಕಿರೀಟವಿದ್ದು ಗಡ್ಡ ಬೋಳಿಸಿದ್ದರೆ ಅವನ ಮಗ ಆರನೇ ಜಾರ್ಜ್. ಮುಖವೇ ಇಲ್ಲದೆ, ಎರಡು ಸಿಂಹಗಳು ಗುರಾಣಿ ಹಿಡಿದು ನಿಂತ ಲಾಂಛನವಿದ್ದು 1835 ಎಂದಿದ್ದರೆ ಅದು ಈಸ್ಟ್ ಇಂಡಿಯಾ ಕಂಪನಿಯ ಕಾಲಾಣೆ.

ಈ ಕೊನೆಯದನ್ನು ಕಂಡವರು ತುಂಬ ಆಸೆಪಡುತ್ತಾರೆ. ಕಂಪನಿ ಸರ್ಕಾರದ್ದು, ಸುಮಾರು ಇನ್ನೂರು ವರ್ಷ ಹಳೆಯದು, ಬೆಲೆ ಇರದೆ ಇರುತ್ತದೆಯೇ ಎಂಬ ಲೆಕ್ಕ. ಆದರೆ ಕಂಪನಿ ತನ್ನ ಆಳ್ವಿಕೆಯ ಪ್ರದೇಶಕ್ಕೆಲ್ಲ ಒಂದೇ ಬಗೆಯ ನಾಣ್ಯ ತಂದದ್ದು 1835ರ ಕಾಯ್ದೆಯಿಂದ. ಆ ಇಸವಿಯ ಅಚ್ಚನ್ನು ಮುಂದೆ ವರ್ಷಗಟ್ಟಲೆ ಬದಲಿಸದೆ, 1835 ಎಂದೇ ಹೊಡೆಯುತ್ತ ಹೋದರು. ಹಾಗಾಗಿ ಅದು ರಾಶಿರಾಶಿ ಉಳಿದಿದೆ. ಸಾಧಾರಣ ಸ್ಥಿತಿಯದು ಹೋಟೆಲಿನ ಒಂದು ಊಟದ ದುಡ್ಡಿಗೆ ಸಿಗುತ್ತದೆ. 1862ರ ವಿಕ್ಟೋರಿಯಾ ರೂಪಾಯಿಯದೂ ಇದೇ ಕಥೆ. 1874ರವರೆಗೂ 1862 ಎಂಬ ಇಸವಿಯಲ್ಲೇ ಅಚ್ಚು ಹಾಕಿದರು. ಯಾವ ಸಾಲಿನದು ಎಂದು ಗೊತ್ತಾಗಲು ಅಲ್ಲಲ್ಲಿ ಸಣ್ಣ ಚುಕ್ಕೆಗಳನ್ನಿಟ್ಟರು. ಇವತ್ತು ಸಂಗ್ರಾಹಕರು ಭೂತಗನ್ನಡಿ ಹಿಡಿದು ಆ ಚುಕ್ಕೆ ಎಣಿಸುತ್ತ ಕೂರುತ್ತಾರೆ. ಚುಕ್ಕೆಗಳ ಜೋಡಣೆ ಅಪರೂಪದ್ದಾದರೆ ಬೆಲೆ ಹಾರುತ್ತದೆ, ಸಾಮಾನ್ಯದ್ದಾದರೆ ಬೆಳ್ಳಿಯ ಬೆಲೆಯ ಆಸುಪಾಸಿನಲ್ಲೇ ನಿಲ್ಲುತ್ತದೆ.

ಇನ್ನು ಆನೆಯ ವಿಷಯ. 1911ರಲ್ಲಿ ಐದನೇ ಜಾರ್ಜ್ ದೆಹಲಿ ದರ್ಬಾರಿಗೆ ಬಂದ ವರ್ಷವೇ ಅವನ ಹೊಸ ನಾಣ್ಯಗಳೂ ಹೊರಬಂದವು. ಮುಖಚಿತ್ರ ಮಾಡಿದವರು ಆಸ್ಟ್ರೇಲಿಯಾ ಮೂಲದ ಶಿಲ್ಪಿ ಬರ್ಟ್ರಂ ಮೆಕೆನಲ್. ರಾಜನ ನಿಲುವಂಗಿಯ ಮೇಲಿನ ಬಿರುದಿನ ಹಾರದಲ್ಲಿ ಒಂದು ಪುಟ್ಟ ಆನೆಯೂ ಇತ್ತು. ಅದರ ಸೊಂಡಿಲು ಮೊಟಕು, ಕಾಲು ಗಿಡ್ಡ. ಪೇಟೆಯ ಜನಕ್ಕೆ ಅದು ಹಂದಿಯಾಗಿ ಕಂಡಿತು. ಮುಸ್ಲಿಮರು ಈ ನಾಣ್ಯ ಮುಟ್ಟುವುದಿಲ್ಲವೆಂದರು, ಗುಲ್ಲೆದ್ದಿತು. ಸರ್ಕಾರ ಆ ರೂಪಾಯಿಯನ್ನು ಹಿಂದಕ್ಕೆ ತರಿಸಿ ಬಹುಪಾಲನ್ನು ಕರಗಿಸಿತು. 1912ರ ನಾಣ್ಯದಲ್ಲಿ ಸೊಂಡಿಲು ಉದ್ದವಾಗಿ, ಆನೆ ಆನೆಯ ಹಾಗೆಯೇ ಕಂಡಿತು. 1911ರದನ್ನು ಸಂಗ್ರಾಹಕರು ಇಂದಿಗೂ ‘ಹಂದಿ ರೂಪಾಯಿ’ ಎಂದೇ ಕರೆಯುತ್ತಾರೆ. ಅದೇ ಆನೆ ಆ ವರ್ಷದ ಕಾಲಾಣೆಯಲ್ಲೂ ಇದೆ. ನಿಮ್ಮ ಡಬ್ಬದಲ್ಲಿ ಐದನೇ ಜಾರ್ಜನ ನಾಣ್ಯಗಳಿದ್ದರೆ ಮೊದಲು 1911 ಇದೆಯೇ ನೋಡಿ. ಇದ್ದರೆ ಅದನ್ನು ಬೇರೆ ಇಡಿ. ಲಕ್ಷವೇನೂ ಬರುವುದಿಲ್ಲ, ಆದರೆ ಪಕ್ಕದ ಇಸವಿಗಳಿಗಿಂತ ಹಲವು ಪಟ್ಟು ಹೆಚ್ಚು ಬರುತ್ತದೆ.

ತೂಕವೂ ಮಾತಾಡುತ್ತದೆ. ಚಿನ್ನದಂಗಡಿಯಲ್ಲಿ ಬಳಸುವಂಥ ಸಣ್ಣ ಡಿಜಿಟಲ್ ತಕ್ಕಡಿ ಈಗ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ನಾಣ್ಯದ ಹುಚ್ಚು ಹಿಡಿದವರು ಮೊದಲು ಕೊಳ್ಳಬೇಕಾದದ್ದು ಅದನ್ನೇ. 1906ರವರೆಗೆ ಕಾಲಾಣೆ ಬರೀ ತಾಮ್ರದ್ದು, ಸುಮಾರು 6.5 ಗ್ರಾಂ. ಆ ವರ್ಷ ಅದನ್ನು ಕಂಚಿಗೆ ಬದಲಿಸಿ 4.86 ಗ್ರಾಂಗೆ ಇಳಿಸಿದರು. ಯುದ್ಧಕಾಲದಲ್ಲಿ ತಾಮ್ರಕ್ಕೆ ಬರ ಬಂದಾಗ, 1943ರಿಂದ 1947ರವರೆಗೆ, ನಡುವೆ ತೂತಿರುವ ಸಣ್ಣ ಪೈಸೆ ಬಂತು. ಅದು 2 ಗ್ರಾಂ ಮಾತ್ರ. ಮಕ್ಕಳ ಉಡಿದಾರಕ್ಕೆ ಪೋಣಿಸಿದ್ದು, ಬೋಲ್ಟಿಗೆ ವಾಷರಾಗಿ ಹಾಕಿದ್ದು ಅದೇ. ಅದಕ್ಕೆ ಟಂಕಸಾಲೆಯೇ ತೂತು ಹಾಕಿದ್ದರಿಂದ ಅದೊಂದು ಕುಂದಲ್ಲ. ಬೆಳ್ಳಿ ರೂಪಾಯಿಗೆ ಅಕ್ಕಸಾಲಿಗ ತೂತು ಕೊರೆದಿದ್ದರೆ, ಕಾಸಿನ ಸರಕ್ಕೆಂದು ಕೊಂಡಿ ಬೆಸುಗೆ ಹಾಕಿದ್ದರೆ ಮಾತು ಬೇರೆ. ಅಂಥದಕ್ಕೆ ಸಂಗ್ರಾಹಕ ಲೋಹದ ಬೆಲೆಗಿಂತ ಹೆಚ್ಚು ಕೊಡುವುದಿಲ್ಲ. ನನ್ನನ್ನು ಕೇಳಿದರೆ, ಅಜ್ಜಿಯ ಕೊರಳಲ್ಲಿದ್ದ ಸರವನ್ನು ಬಿಡಿಸಿ ಮಾರುವುದೇ ಬೇಡ. ಸರವಾಗಿ ಅದಕ್ಕಿರುವ ಬೆಲೆ ಯಾವ ಕ್ಯಾಟಲಾಗಿನಲ್ಲೂ ಇಲ್ಲ.

ಅಯಸ್ಕಾಂತವೊಂದು ಕೈಯಲ್ಲಿರಲಿ. ತಾಮ್ರ, ಕಂಚು, ಬೆಳ್ಳಿ ಯಾವುದೂ ಅದಕ್ಕೆ ಅಂಟುವುದಿಲ್ಲ. ಹಿಂಬದಿಗೆ ಹುಲಿಯಿರುವ 1947ರ ರೂಪಾಯಿ ಅಂಟುತ್ತದೆ, ಏಕೆಂದರೆ ಅದು ನಿಕ್ಕಲ್. ಬೆಳ್ಳಿಯೆಂದು ಜನ ಬೀರುವಿನಲ್ಲಿ ಜೋಪಾನ ಮಾಡಿದ ‘ಹುಲಿ ರೂಪಾಯಿ’ಗಳಿಗೆ ಲೆಕ್ಕವಿಲ್ಲ.

ಕರ್ನಾಟಕದ ಡಬ್ಬಗಳಲ್ಲಿ ಬ್ರಿಟಿಷರ ನಾಣ್ಯಗಳಷ್ಟೇ ಇರುವುದಿಲ್ಲ. ಬೀದರ, ಕಲಬುರಗಿ, ರಾಯಚೂರು, ಕೊಪ್ಪಳದ ಕಡೆಯ ಮನೆಗಳಲ್ಲಿ ನಿಜಾಮರ ಸಿಕ್ಕಾ ಸಿಗುತ್ತದೆ. ಚಾರ್‌ಮಿನಾರಿನ ಚಿತ್ರವಿದ್ದರೆ ಅದು ಹೈದರಾಬಾದ್ ಸಂಸ್ಥಾನದ್ದೆಂಬುದು ಸ್ಪಷ್ಟ. ಅದರ ನಡುವಿನ ಬಾಗಿಲಲ್ಲಿ ಒಂದು ಪುಟ್ಟ ಅರಬ್ಬಿ ಅಕ್ಷರವಿರುತ್ತದೆ. ‘ಮೀಮ್’ ಇದ್ದರೆ ಮಹಬೂಬ್ ಅಲಿ ಖಾನರ ಕಾಲದ್ದು, ‘ಐನ್’ ಇದ್ದರೆ ಉಸ್ಮಾನ್ ಅಲಿ ಖಾನರದು. ಎಡವಟ್ಟಾಗುವುದು ಇಸವಿಯಲ್ಲಿ. ಉರ್ದು ಅಂಕಿ ಬಲ್ಲವರೊಬ್ಬರು 1329 ಎಂದು ಓದಿ ಹೇಳುತ್ತಾರೆ, ಮನೆಯವರು ಏಳುನೂರು ವರ್ಷದ ನಾಣ್ಯವೆಂದು ಹಿಗ್ಗುತ್ತಾರೆ. ಅದು ಹಿಜರಿ ಲೆಕ್ಕ. ಹಿಜರಿ ವರ್ಷವನ್ನು 0.97ರಿಂದ ಗುಣಿಸಿ 622 ಕೂಡಿಸಿದರೆ ನಮ್ಮ ಇಸವಿ ಹತ್ತಿರ ಹತ್ತಿರ ಸಿಗುತ್ತದೆ. 1329 ಎಂದರೆ 1911. ದೆಹಲಿಯಲ್ಲಿ ದರ್ಬಾರು ನಡೆದ ವರ್ಷವೇ.

ಇದಕ್ಕಿಂತ ಹೆಚ್ಚು ಗೊಂದಲ ಮಾಡುವುದು ಟಿಪ್ಪುವಿನ ನಾಣ್ಯ. ಅವನ ತಾಮ್ರದ ನಾಣ್ಯಗಳ ಮೇಲೆಲ್ಲ ಆನೆ, ಅವುಗಳ ಹೆಸರೆಲ್ಲ ಆಕಾಶದ್ದು. ಪೈಸೆ ಜುಹ್ರಾ, ಅರ್ಧ ಪೈಸೆ ಬಹ್ರಾಮ್, ಕಾಲು ಪೈಸೆ ಅಖ್ತರ್, ಅದರರ್ಧ ಕುತುಬ್. ಅಂದರೆ ಶುಕ್ರ, ಮಂಗಳ, ತಾರೆ, ಧ್ರುವ. ಟಿಪ್ಪು ಮೊದಲು ಹಿಜರಿ ವರ್ಷ ಬಳಸಿ, 1787ರ ಸುಮಾರಿಗೆ ‘ಮೌಲೂದಿ’ ಎಂಬ ತನ್ನದೇ ಶಕೆ ತಂದ. ಅದು 1215ರಿಂದ ಶುರು. ಅಷ್ಟಕ್ಕೇ ನಿಲ್ಲಲಿಲ್ಲ, ಮೌಲೂದಿ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದುವಂತೆ ಕೆತ್ತಿಸಿದ. ಗೊತ್ತಿಲ್ಲದವರ ಕಣ್ಣಿಗೆ 1224 ಎಂಬುದು 4221 ಆಗಿ ಬೀಳುತ್ತದೆ. ಆನೆಯ ಹಿಂಬದಿಗೆ ಟಂಕಸಾಲೆಯ ಊರು ಇರುತ್ತದೆ: ‘ಪಟನ್’ ಎಂದರೆ ಶ್ರೀರಂಗಪಟ್ಟಣ, ‘ನಗರ್’ ಎಂದರೆ ಇಂದಿನ ಹೊಸನಗರ ತಾಲ್ಲೂಕಿನ ನಗರ, ‘ಫರುಖ್‌ಯಾಬ್ ಹಿಸಾರ್’ ಎಂದರೆ ಚಿತ್ರದುರ್ಗ. ಪಟ್ಟಣದ ಪೈಸೆ ಬೇಕಾದಷ್ಟಿದೆ, ಸಣ್ಣ ಊರುಗಳದು ವಿರಳ. ಹಾಗಾಗಿ ಅದೇ ಆನೆ, ಅದೇ ಲೋಹ, ಅದೇ ರಾಜನಾದರೂ ಹಿಂದಿನ ಒಂದು ಪದದಿಂದ ಬೆಲೆ ಹತ್ತು ಪಟ್ಟು ಬದಲಾಗಬಹುದು.

ಆನೆ ಇದ್ದದ್ದೆಲ್ಲ ಟಿಪ್ಪುವಿನದೂ ಅಲ್ಲ. 1799ರ ನಂತರ ಮೈಸೂರು ಒಡೆಯರ ಕೈಗೆ ಮರಳಿದಾಗ ಆನೆ ಹಾಗೆಯೇ ಮುಂದುವರಿಯಿತು. ಅದರ ಮೇಲೆ ಸೂರ್ಯ-ಚಂದ್ರ ಬಂದರು, ಮುಂದೆ ‘ಶ್ರೀ’ ಬಂತು. ಕನ್ನಡದಲ್ಲಿ ‘ಮಯಿಲಿ ಕಾಸು’ ಎಂದೂ ಇಂಗ್ಲಿಷಿನಲ್ಲಿ ‘ಕ್ಯಾಶ್’ ಎಂದೂ ಬರೆದ ಇಪ್ಪತ್ತು, ಹತ್ತು, ಐದು ಕಾಸಿನ ನಾಣ್ಯಗಳು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದವು. ಕೊನೆಕೊನೆಯವುಗಳಲ್ಲಿ ಆನೆಯ ಜಾಗಕ್ಕೆ ಸಿಂಹ ಬಂದಿದೆ, ಚಾಮುಂಡಿಯ ಹೆಸರಿದೆ. ಮೈಸೂರಿನ ಟಂಕಸಾಲೆ 1833ರಲ್ಲಿ ಬೆಂಗಳೂರಿಗೆ ಹೋಯಿತು, 1843ರಲ್ಲಿ ಮುಚ್ಚಿತು. ಅಲ್ಲಿಂದೀಚೆಗೆ ಮೈಸೂರಿನ ಹೆಸರಲ್ಲಿ ಚಲಾವಣೆಯ ನಾಣ್ಯ ಬರಲಿಲ್ಲ. ಈ ಸಾಲಿನ ತಾಮ್ರದ ಕಾಸುಗಳು ಇನ್ನೂ ಸಾಮಾನ್ಯ ಸಂಬಳದವರ ಕೈಗೆಟಕುತ್ತವೆ. ಹೊಸದಾಗಿ ಸಂಗ್ರಹ ಶುರುಮಾಡುವ ಕನ್ನಡಿಗರಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲವೆಂದು ನನ್ನ ಅಭಿಪ್ರಾಯ. ಮೈಸೂರಿನ ವಿದ್ವಾಂಸ ಎ.ವಿ. ನರಸಿಂಹಮೂರ್ತಿಯವರು ಕರ್ನಾಟಕದ ನಾಣ್ಯಗಳ ಬಗ್ಗೆ ಪುಸ್ತಕವನ್ನೇ ಬರೆದಿದ್ದಾರೆ. ಉಡುಪಿಯಲ್ಲಿ, 1906ರಲ್ಲಿ ಕಾರ್ಪೊರೇಷನ್ ಬ್ಯಾಂಕ್ ಹುಟ್ಟಿದ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲೇ ನಾಣ್ಯಗಳ ವಸ್ತುಸಂಗ್ರಹಾಲಯವಿದೆ. ಮೊದಲು ಅಲ್ಲಿ ನೋಡಿ, ಆಮೇಲೆ ಕೊಳ್ಳಿ.

ಕನ್ನಡಿಗರನ್ನು ಎಡವಿಸುವ ಇನ್ನೊಂದಿದೆ. 1907ರಲ್ಲಿ ಬಂದ, ಅಂಚು ಹೂವಿನೆಸಳಿನಂತೆ ಅಲೆಯಲೆಯಾಗಿರುವ ಒಂದಾಣೆಯ ಮೇಲೆ ಬೆಲೆಯನ್ನು ನಾಗರಿ, ಬಂಗಾಳಿ, ಉರ್ದು, ತೆಲುಗು ಲಿಪಿಗಳಲ್ಲೂ ಬರೆದಿದ್ದಾರೆ. ದುಂಡಗಿನ ಅಕ್ಷರ ಕಂಡು ‘ಕನ್ನಡ ಇರುವ ಬ್ರಿಟಿಷ್ ನಾಣ್ಯ’ ಎಂದು ಸಂಭ್ರಮಿಸುವವರಿದ್ದಾರೆ. ಅದು ತೆಲುಗು.

ಟಂಕಸಾಲೆಯ ಗುರುತಿನ ಮಾತು ಸ್ವತಂತ್ರ ಭಾರತದ ನಾಣ್ಯಕ್ಕೂ ಬರುತ್ತದೆ. ಇಂದಿನ ನಾಲ್ಕು ಟಂಕಸಾಲೆಗಳಲ್ಲಿ ಕೋಲ್ಕತ್ತ ಯಾವ ಗುರುತನ್ನೂ ಹಾಕುವುದಿಲ್ಲ. ಇಸವಿಯ ಕೆಳಗೆ ವಜ್ರಾಕೃತಿ ಇದ್ದರೆ ಮುಂಬೈ, ನಕ್ಷತ್ರವಿದ್ದರೆ ಹೈದರಾಬಾದ್, ದುಂಡು ಚುಕ್ಕೆಯಿದ್ದರೆ 1988ರಲ್ಲಿ ಶುರುವಾದ ನೋಯ್ಡಾ. ಬೆಳ್ಳಿಯ ಜಾರ್ಜ್ ರೂಪಾಯಿಯಲ್ಲಾದರೆ ಹಿಂಬದಿಯ ಕೆಳಗಿನ ಕಮಲದ ಹತ್ತಿರ ಸಣ್ಣ ಚುಕ್ಕೆ ಹುಡುಕಬೇಕು. ಇದ್ದರೆ ಬಾಂಬೆ, ಇಲ್ಲದಿದ್ದರೆ ಕಲ್ಕತ್ತ. ಚಿಲ್ಲರೆಗೆ ಕೊರತೆಯಾದಾಗ ಸರ್ಕಾರ ಹೊರದೇಶಗಳಲ್ಲೂ ಅಚ್ಚು ಹಾಕಿಸಿತು. 1985ರ ರೂಪಾಯಿಯಲ್ಲಿ ಇಸವಿಯ ಕೆಳಗೆ ‘ಎಚ್’ ಇದ್ದರೆ ಅದು ಬರ್ಮಿಂಗ್‌ಹ್ಯಾಮಿನ ಹೀಟನ್ ಕಾರ್ಖಾನೆಯದು. ತೊಂಬತ್ತರ ದಶಕದ ಕೊನೆಯಲ್ಲಿ ಮೆಕ್ಸಿಕೊ, ಮಾಸ್ಕೊ, ಸ್ಲೊವಾಕಿಯಾದ ಕ್ರೆಮ್ನಿಟ್ಸಾದಿಂದಲೂ ಬಂದವು. ಬಸ್ಸಿನ ಕಂಡಕ್ಟರ್ ಕೊಟ್ಟ ಚಿಲ್ಲರೆಯಲ್ಲಿ ಮಾಸ್ಕೊ ಸಿಗುವುದು ಖುಷಿಯ ವಿಷಯವೇ. ಆದರೆ ಕೋಟಿಗಟ್ಟಲೆ ಬಂದ ನಾಣ್ಯ ಅದು, ಖುಷಿಗೆ ಮೀರಿ ಏನೂ ಹುಟ್ಟುವುದಿಲ್ಲ.

ಗುರುತು ಹಿಡಿದದ್ದಾಯಿತು. ಬೆಲೆ ಹೇಗೆ ನಿಲ್ಲುತ್ತದೆ?

ವಯಸ್ಸಿನಿಂದ ಎಂಬ ನಂಬಿಕೆಯನ್ನು ಮೊದಲು ಬಿಡಬೇಕು. ಐನೂರು ವರ್ಷ ಹಳೆಯ ವಿಜಯನಗರದ ತಾಮ್ರದ ಕಾಸು ಕೆಲವು ನೂರು ರೂಪಾಯಿಗೆ ಸಿಗುತ್ತದೆ. 1939ರ ಆರನೇ ಜಾರ್ಜನ ಬೆಳ್ಳಿ ರೂಪಾಯಿ, ಅದರ ಮುಂದೆ ನಿನ್ನೆ ಮೊನ್ನೆಯದು, ಹರಾಜಿನಲ್ಲಿ ಅಂಥ ನೂರಾರು ಕಾಸುಗಳನ್ನು ಮೀರಿಸುತ್ತದೆ. ಆ ವರ್ಷದ ರೂಪಾಯಿ ಹೊರಗೆ ಉಳಿದದ್ದೇ ಅತಿ ಕಡಿಮೆ, ಬೇಕೆನ್ನುವವರು ಬಹಳ. ಅದಕ್ಕೇ 1938ರ 8 ಅನ್ನು ಕೆರೆದು 9 ಮಾಡುವ ಕುಶಲಕರ್ಮಿಗಳೂ ಹುಟ್ಟಿಕೊಂಡಿದ್ದಾರೆ. ಎಷ್ಟು ಅಚ್ಚಾಯಿತು ಎನ್ನುವುದಕ್ಕಿಂತ ಎಷ್ಟು ಉಳಿಯಿತು ಎನ್ನುವುದೇ ಇಲ್ಲಿ ಮುಖ್ಯ. ಮದ್ರಾಸಿಗೆಂದು 1808ರ ಇಸವಿಯ ತಾಮ್ರದ ಕಾಸುಗಳನ್ನು ಹೊತ್ತು ಹೊರಟ ‘ಅಡ್ಮಿರಲ್ ಗಾರ್ಡನರ್’ ಎಂಬ ಹಡಗು 1809ರಲ್ಲಿ ಇಂಗ್ಲೆಂಡಿನ ಗುಡ್‌ವಿನ್ ಮರಳುದಿಬ್ಬಗಳಲ್ಲಿ ಮುಳುಗಿತು. ಎಂಬತ್ತರ ದಶಕದಲ್ಲಿ ಮುಳುಗುಗಾರರು ಅದರ ಸರಕನ್ನು ಮೇಲೆತ್ತಿದಾಗ, ಮದ್ರಾಸಿನ ಸಂತೆಯನ್ನೇ ಕಾಣದ ಹತ್ತು ಕಾಸು, ಇಪ್ಪತ್ತು ಕಾಸಿನ ನಾಣ್ಯಗಳು ರಾಶಿಯಾಗಿ ಸಿಕ್ಕವು. ಹೊಸದರಂಥ 1808ರ ಕಾಸು ಒಮ್ಮೆಲೇ ಅಗ್ಗದ ವಸ್ತುವಾಯಿತು. ಇನ್ನೂರು ವರ್ಷ ಹಳೆಯದು, ಹಡಗು ಮುಳುಗಿದ ಕಥೆ ಬೇರೆ, ಆದರೂ ಅಗ್ಗ.

ಎರಡನೆಯದು ಸ್ಥಿತಿ. ಜನಸಾಮಾನ್ಯರಿಗೂ ವ್ಯಾಪಾರಿಗೂ ಜಗಳ ಹುಟ್ಟುವುದು ಇಲ್ಲೇ. ‘ಇಸವಿ ಚೆನ್ನಾಗಿ ಕಾಣುತ್ತಲ್ಲ’ ಎಂದು ತಂದವರು ಹೇಳುತ್ತಾರೆ, ಅವನು ‘ಸವೆದಿದೆ ಸ್ವಾಮಿ’ ಎನ್ನುತ್ತಾನೆ. ಅವನು ನೋಡುವುದು ಮೊದಲು ಸವೆಯುವ ಉಬ್ಬುಗಳನ್ನು. ಜಾರ್ಜನ ನಾಣ್ಯದಲ್ಲಿ ಕಿರೀಟದ ಕಮಾನಿನ ಮಣಿಗಳು, ಹುಬ್ಬು, ಎದೆಯ ಹಾರ. ಅವು ಚಪ್ಪಟೆಯಾಗಿದ್ದರೆ ‘ಫೈನ್’, ಅರೆಬರೆ ಕಂಡರೆ ‘ವೆರಿ ಫೈನ್’, ಬಹುಪಾಲು ಚೂಪಾಗಿದ್ದರೆ ‘ಎಕ್ಸ್‌ಟ್ರಾ ಫೈನ್’, ಚಲಾವಣೆಗೇ ಬರದೆ ಮೂಲ ಹೊಳಪು ಉಳಿದಿದ್ದರೆ ‘ಯುಎನ್‌ಸಿ’. ಕಿವಿಗೆ ‘ಫೈನ್’ ಎಂದರೆ ಚೆನ್ನಾಗಿದೆ ಎಂದು ಕೇಳುತ್ತದೆ, ಈ ವ್ಯಾಪಾರದಲ್ಲಿ ಅದು ಚೆನ್ನಾಗಿಯೇ ಸವೆದದ್ದು. ಈ ಏಣಿಗೆ 1ರಿಂದ 70ರವರೆಗೆ ಅಂಕ ಕೊಡುವ ಪದ್ಧತಿಯನ್ನು 1949ರಲ್ಲಿ ರೂಪಿಸಿದವರು ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಶೆಲ್ಡನ್, ಅದೂ ಆ ದೇಶದ ಹಳೆಯ ತಾಮ್ರದ ಸೆಂಟುಗಳಿಗಾಗಿ. ಈಗ ನಮ್ಮ ರೂಪಾಯಿಯೂ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಅದೇ ಅಂಕ ಅಂಟಿಸಿಕೊಂಡು ಬರುತ್ತದೆ. ಕಾಲಾಣೆಗೆ ಆ ಪ್ರಮಾಣಪತ್ರ ಮಾಡಿಸಲು ಹೋಗಬೇಡಿ, ಖರ್ಚು ನಾಣ್ಯದ ಬೆಲೆಯ ಎಷ್ಟೋ ಪಟ್ಟಾಗುತ್ತದೆ.

ಸ್ಥಿತಿ ಕೆಡಿಸುವುದರಲ್ಲಿ ನಮ್ಮ ಅಡುಗೆಮನೆಯ ಪಾಲು ದೊಡ್ಡದು. ಹಳೆ ನಾಣ್ಯ ಸಿಕ್ಕಿದೊಡನೆ ಹುಣಸೆಹಣ್ಣು ಹಚ್ಚಿ, ಬೂದಿಯಲ್ಲೋ ಪಾತ್ರೆಪುಡಿಯಲ್ಲೋ ತಿಕ್ಕಿ, ಪೂಜೆಯ ಚೆಂಬಿನಂತೆ ಫಳಫಳ ಮಾಡಿ ತರುತ್ತಾರೆ. ತಾಮ್ರದ ಮೇಲಿನ ಕಂದು ಪದರ ಕೊಳೆಯಲ್ಲ. ದಶಕಗಳ ಕಾಲ ಗಾಳಿಯೊಡನೆ ಸೇರಿ ಕಟ್ಟಿದ, ಲೋಹವನ್ನು ಕಾಯುವ ಪೊರೆ ಅದು. ಹುಳಿ ಅದನ್ನು ತಿಂದು ಹಾಕುತ್ತದೆ, ಪುಡಿ ಸೂಕ್ಷ್ಮ ಗೀರು ಎಬ್ಬಿಸುತ್ತದೆ. ಆ ಗುಲಾಬಿ ಹೊಳಪನ್ನು ಕಂಡ ವ್ಯಾಪಾರಿ ಅರ್ಧ ಬೆಲೆಗೂ ಕೈ ಚಾಚುವುದಿಲ್ಲ. ಶುದ್ಧ ನೀರಲ್ಲಿ ಅದ್ದಿ, ಮಣ್ಣು ಬಿಟ್ಟಮೇಲೆ ಹತ್ತಿಬಟ್ಟೆಯಲ್ಲಿ ಒತ್ತಿ ಆರಿಸಿದರೆ ಸಾಕು. ಹಸಿರು ಕಿಲುಬು ಪುಡಿಪುಡಿಯಾಗಿ ಹಬ್ಬುತ್ತಿದ್ದರೆ ಮಾತ್ರ ಅದನ್ನು ಬೇರೆ ನಾಣ್ಯಗಳಿಂದ ದೂರವಿಟ್ಟು ತಿಳಿದವರಿಗೆ ತೋರಿಸಿ. ಅಗ್ಗದ ಮೆತ್ತನೆ ಪ್ಲಾಸ್ಟಿಕ್ ಲಕೋಟೆಗಳೂ ವರ್ಷಗಳಲ್ಲಿ ಜಿಗುಟು ಹಸಿರು ಬಿಡುತ್ತವೆ. ಕಾಗದದ ಲಕೋಟೆ ಒಳ್ಳೆಯದು. ಅದರ ಮೇಲೆ ನಾಣ್ಯ ಯಾರದು, ಎಲ್ಲಿ ಸಿಕ್ಕಿತು ಎಂದು ಪೆನ್ಸಿಲಿನಲ್ಲಿ ಬರೆದಿಡಿ.

ಬೆಳ್ಳಿ ನಾಣ್ಯಕ್ಕೆ ನೆಲದ ಬೆಲೆಯೊಂದು ಇದ್ದೇ ಇರುತ್ತದೆ, ಅದನ್ನು ನೀವೇ ಲೆಕ್ಕ ಹಾಕಬಹುದು. 1835ರಿಂದ 1939ರವರೆಗಿನ ರೂಪಾಯಿ 11.66 ಗ್ರಾಂ, ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ, ಅಂದರೆ ಸುಮಾರು 10.7 ಗ್ರಾಂ. 1940ರಿಂದ 1945ರ ರೂಪಾಯಿಯಲ್ಲಿ ಅರ್ಧವೇ ಬೆಳ್ಳಿ, 5.8 ಗ್ರಾಂ. ಆ ದಿನದ ಬೆಳ್ಳಿ ದರದಿಂದ ಗುಣಿಸಿದರೆ ಅದಕ್ಕಿಂತ ಕಡಿಮೆಗೆ ಕೊಡಬಾರದ ಮೊತ್ತ ಸಿಗುತ್ತದೆ. ಅಕ್ಕಸಾಲಿಗರ ಅಂಗಡಿಯಲ್ಲಿ ಎರಡನ್ನೂ ಒಂದೇ ತೂಕಕ್ಕೆ ಹಾಕಿದರೆ ನಷ್ಟ ನಿಮ್ಮದೂ ಆಗಬಹುದು, ಅವರದೂ ಆಗಬಹುದು. ಸಾಮಾನ್ಯ ಇಸವಿಯ ಬೆಳ್ಳಿ ರೂಪಾಯಿಗೆ ಸಂಗ್ರಾಹಕ ಈ ಮೊತ್ತದ ಮೇಲೆ ಕೊಡುವುದು ಸ್ವಲ್ಪವೇ. ಕ್ಯಾಟಲಾಗಿನಲ್ಲಿರುವುದು ಮಾರುವ ಬೆಲೆ ಎಂಬುದೂ ನೆನಪಿರಲಿ. ವ್ಯಾಪಾರಿಗೆ ಬಾಡಿಗೆ, ಬಡ್ಡಿ, ಮಾರಾಟವಾಗದೆ ಕೂರುವ ಸರಕು ಎಲ್ಲವೂ ಇದೆ. ಅವನು ನಿಮ್ಮಿಂದ ಕೊಳ್ಳುವಾಗ ಅರ್ಧ ಬೆಲೆ ಹೇಳಿದರೆ ಅದನ್ನು ಮೋಸವೆನ್ನಲಾಗದು.

ಇನ್ನು ನಮ್ಮ ಕಾಲದ ಚಿಲ್ಲರೆ. 1957ರ ಏಪ್ರಿಲ್ 1ರಂದು ಹದಿನಾರಾಣೆಯ ರೂಪಾಯಿ ನೂರು ನಯಾ ಪೈಸೆಯದಾಯಿತು, 1964ರಲ್ಲಿ ‘ನಯಾ’ ಬಿದ್ದುಹೋಯಿತು. ಅಲ್ಯೂಮಿನಿಯಮ್ಮಿನ ಎರಡು, ಮೂರು, ಐದು ಪೈಸೆಗಳು ಪುಡಿಗಾಸಿನ ಲೆಕ್ಕದಲ್ಲೇ ಇವೆ. 1968ರಿಂದ ಕೆಲವೇ ವರ್ಷ ಬಂದ, ಕಮಲವಿರುವ ಹಿತ್ತಾಳೆ ಬಣ್ಣದ ಇಪ್ಪತ್ತು ಪೈಸೆ ಮಾತ್ರ ಬೇರೆ ದಾರಿ ಹಿಡಿಯಿತು. ಅದನ್ನು ಲಕ್ಷ್ಮೀಪೂಜೆಗೆಂದು ನೂರೆಂಟರ ಲೆಕ್ಕದಲ್ಲಿ ಕೊಳ್ಳುವವರಿದ್ದಾರೆ. ಹೀಗೆ ಸಂಗ್ರಾಹಕನಿಗೆ ಬೇಡವಾದ ನಾಣ್ಯಕ್ಕೂ ಭಕ್ತರಿಂದ ಬೇಡಿಕೆ ಬಂತು. ತೊಂಬತ್ತರ ದಶಕದ ದಪ್ಪ ಐದು ರೂಪಾಯಿಗೆ ಇನ್ನೊಂದು ಬಗೆಯ ಬೇಡಿಕೆಯಿತ್ತು. 9 ಗ್ರಾಂ ತಾಮ್ರ-ನಿಕ್ಕಲ್ ಮಿಶ್ರಲೋಹದ ಆ ನಾಣ್ಯಗಳು ಬಾಂಗ್ಲಾದೇಶಕ್ಕೆ ಕಳ್ಳಸಾಗಣೆಯಾಗಿ ಬ್ಲೇಡುಗಳಾಗುತ್ತಿವೆ ಎಂದು ಪತ್ರಿಕೆಗಳು ವರದಿ ಮಾಡಿದ್ದವು. ಆಮೇಲೆ ಸರ್ಕಾರ ಲೋಹವನ್ನೂ ತೂಕವನ್ನೂ ಬದಲಿಸಿತು. ನಾಣ್ಯ ಕರಗಿಸುವುದು 2011ರ ನಾಣ್ಯ ಕಾಯ್ದೆಯ ಪ್ರಕಾರ ಅಪರಾಧ. ಅದೇ ವರ್ಷದ ಜೂನ್ 30ರಿಂದ ನಾಕಾಣೆ ಮತ್ತು ಅದಕ್ಕಿಂತ ಕೆಳಗಿನವು ಚಲಾವಣೆ ಕಳೆದುಕೊಂಡವು. ಎಂಟಾಣೆ ಕಳೆದುಕೊಂಡಿಲ್ಲ, ಕಾನೂನಿನ ಪ್ರಕಾರ ಅದು ಇಂದಿಗೂ ಹಣ, ಅಂಗಡಿಯವರು ಏನೇ ಹೇಳಲಿ. ಹತ್ತು ರೂಪಾಯಿಯ ನಾಣ್ಯವನ್ನು ‘ನಡೆಯಲ್ಲ’ ಎಂದು ತಳ್ಳುವುದೂ ತಪ್ಪು. ಅದರ ಹದಿನಾಲ್ಕು ವಿನ್ಯಾಸಗಳೂ ಸಿಂಧುವೆಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಸ್ಪಷ್ಟಪಡಿಸಿದೆ.

ಇನ್ನು ಮೊಬೈಲಿಗೆ ಬರುವ ಲಕ್ಷಗಳ ಸುದ್ದಿ. ವೈಷ್ಣೋದೇವಿಯ ಚಿತ್ರವಿರುವ ಐದು, ಹತ್ತು ರೂಪಾಯಿ ನಾಣ್ಯಕ್ಕೆ ಹತ್ತು ಲಕ್ಷ, ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟಿಗೆ ಐದು ಲಕ್ಷ ಎಂಬಂಥವು. ವೈಷ್ಣೋದೇವಿ ನಾಣ್ಯ ಅಲ್ಲಿನ ದೇವಸ್ಥಾನ ಮಂಡಳಿಯ ಬೆಳ್ಳಿಹಬ್ಬಕ್ಕೆ 2012ರ ಇಸವಿಯಲ್ಲಿ ಬಂದದ್ದು, ಎಲ್ಲರ ಜೇಬಿಗೂ ಬಂದು ಹೋದದ್ದು. ಅದರ ಬೆಲೆ ಅದರ ಮೇಲೆ ಬರೆದಷ್ಟೇ, ಹೊಸದರಂತಿದ್ದರೆ ತುಸು ಹೆಚ್ಚು. ಇದಕ್ಕಿಂತ ಹಳೆಯ ಬಲೆ ರಾಮ, ಹನುಮಂತ, ಓಂಕಾರದ ಚಿತ್ರವಿದ್ದು 1818 ಎಂದೋ 1717 ಎಂದೋ ಇಸವಿ ಕೆತ್ತಿದ ‘ಈಸ್ಟ್ ಇಂಡಿಯಾ ಕಂಪನಿ ಒಂದಾಣೆ’. ಕಂಪನಿ ಇಂಥ ನಾಣ್ಯ ಮಾಡಿಯೇ ಇಲ್ಲ. ಬ್ರಿಟಿಷ್ ಭಾರತಕ್ಕೆ ಒಂದಾಣೆಯ ನಾಣ್ಯ ಬಂದದ್ದೇ 1907ರಲ್ಲಿ. ಇವೆಲ್ಲ ಇತ್ತೀಚೆಗೆ ಮಾಡಿದ ಪೂಜೆಯ ಬಿಲ್ಲೆಗಳು. ಇವುಗಳ ಜೊತೆಗೆ ‘ರೈಸ್ ಪುಲ್ಲಿಂಗ್’ ಎಂಬುದೊಂದು ಬೆಸೆದುಕೊಂಡಿದೆ. ಸಿಡಿಲು ಬಡಿದ ತಾಮ್ರಕ್ಕೆ ಅಕ್ಕಿಕಾಳನ್ನು ಎಳೆಯುವ ಶಕ್ತಿ ಬಂದಿದೆ, ವಿದೇಶದವರು ಕೋಟಿ ಕೊಡುತ್ತಾರೆ, ಪರೀಕ್ಷೆಗೆ ಮುಂಗಡ ಕೊಡಿ ಎಂಬ ವಂಚನೆ. ನಮ್ಮ ರಾಜ್ಯದ ಪೊಲೀಸರಿಗೆ ಇದು ಹೊಸ ಕಥೆಯಲ್ಲ. ತಾಮ್ರ ಏನನ್ನೂ ಎಳೆಯುವುದಿಲ್ಲ. ಎಳೆಯುತ್ತಿದ್ದರೆ ಅಕ್ಕಿಯೊಳಗೆ ಕಬ್ಬಿಣದ ಪುಡಿ, ನಾಣ್ಯದೊಳಗೆ ಅಯಸ್ಕಾಂತ ಹುಡುಕಿ.

ನಾಣ್ಯ ಮನೆಯ ಡಬ್ಬದಲ್ಲಿ ಸಿಗದೆ ಪಾಯ ತೋಡುವಾಗಲೋ ಹೊಲ ಉಳುವಾಗಲೋ ಮಡಕೆಯೊಳಗೆ ಸಿಕ್ಕರೆ ಅದು ಬೇರೆ ವಿಷಯ. ನಿಧಿಯ ಕಾನೂನಿನಂತೆ ಜಿಲ್ಲಾಡಳಿತಕ್ಕೆ ತಿಳಿಸಲೇಬೇಕು. ತಿಳಿಸದೆ ಹಂಚಿಕೊಂಡು ಕರಗಿಸಿದ ಗಡಿಗೆಗಳಿಂದ ನಮ್ಮ ಚರಿತ್ರೆಗೆ ಆಗಿರುವ ನಷ್ಟವನ್ನು ಯಾವ ಲೆಕ್ಕದಲ್ಲೂ ತುಂಬಲಾಗದು. ನೂರು ವರ್ಷ ಮೀರಿದ ನಾಣ್ಯವನ್ನು ದೇಶದಿಂದ ಹೊರಗೆ ಕಳಿಸುವಂತೆಯೂ ಇಲ್ಲ. ಅಮೆರಿಕದ ಮಗನಿಗೆ ನೆನಪಿಗೆಂದು ಅಜ್ಜನ ವಿಕ್ಟೋರಿಯಾ ರೂಪಾಯಿ ಕಳಿಸುವವರು ಇದನ್ನು ಗಮನಿಸಬೇಕು.

ಮಾರಲೇಬೇಕೆಂದಿದ್ದರೆ ಒಬ್ಬರಿಗೇ ತೋರಿಸಿ ಕೊಟ್ಟುಬಿಡಬೇಡಿ. ನಾಣ್ಯ ಮೇಳಕ್ಕೆ ಹೋಗಿ ಇಬ್ಬರು ಮೂವರಿಗೆ ತೋರಿಸಿ, ಅದೇ ಇಸವಿಯ, ಅದೇ ಸ್ಥಿತಿಯ ನಾಣ್ಯ ಹರಾಜಿನಲ್ಲಿ ಎಷ್ಟಕ್ಕೆ ಹೋಗಿದೆ ನೋಡಿ. ಕೇಳಿದ ಬೆಲೆ ಬೇಡ, ಬಿಕರಿಯಾದ ಬೆಲೆ ನೋಡಿ. ಕೊಳ್ಳುವವರು ದುಡ್ಡು ಕೊಡುತ್ತಾರೆ, ಕೇಳುವುದಿಲ್ಲ. ನೋಂದಣಿ ಶುಲ್ಕ, ಜಿಎಸ್‌ಟಿ, ರಿಸರ್ವ್ ಬ್ಯಾಂಕಿನ ಪರವಾನಗಿ ಎಂದು ನಿಮ್ಮಿಂದಲೇ ಹಣ ಕೇಳಿದ ಕೂಡಲೇ ಫೋನ್ ಇಡಿ. ಹಳೆಯ ನಾಣ್ಯ, ನೋಟುಗಳ ವ್ಯಾಪಾರಕ್ಕೂ ತನಗೂ ಸಂಬಂಧವಿಲ್ಲ, ಅದಕ್ಕೆ ಶುಲ್ಕ ವಸೂಲಿ ಮಾಡಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಪ್ರಕಟಿಸಿದೆ. ಆಗಲೇ ಕಳಿಸಿಬಿಟ್ಟಿದ್ದರೆ ನಾಚಿಕೆಪಟ್ಟು ಕೂರದೆ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಅದೇ ದಿನ ಕರೆ ಮಾಡಿ.